ಒಕ್ಕಲಿಗರ ಸಭೆಯಲ್ಲಿ ಉಪನ್ಯಾಸ: ಅದರ ಸಿದ್ಧತೆಯೂ ನಿರ್ವಾಹವೂ

ಹಳ್ಳಿಗಳಲ್ಲಿ ಸಭೆ ಕೂಡಿಸಿ ಒಕ್ಕಲುತನದ ಸುಧಾರಣೆಯನ್ನು ಕುರಿತು ಉಪನ್ಯಾಸ ಮಾಡುವ ಪದ್ಧತಿಯು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಖಾತೆಯ ಅಧಿಕಾರಿಗಳೂ, ಕೃಷಿ ವಿಜ್ಞಾನ ಕೇಂದ್ರಗಳ ತಜ್ಞರೂ, ಸಹಕಾರಿ ಸಂಘಗಳ ಕಾರ್ಯಕರ್ತರೂ, ಅನುಭವಸ್ಥರಾದ ರೈತರೂ ಪ್ರತಿವರ್ಷವೂ ಎಷ್ಟೋ ಸಭೆಗಳಲ್ಲಿ ಮಾತನಾಡುತ್ತಾರೆ. ಸ್ವಾಗತವಾಗುತ್ತದೆ, ಹಾರ ಬೀಳುತ್ತದೆ, ವಂದನಾರ್ಪಣೆಯ ತರುವಾಯ ಚಹ ಕುಡಿದು ಜನರು ಮನೆಗೆ ಹೋಗುತ್ತಾರೆ. ಇಷ್ಟಾದರೆ ಸಭೆಯು ಸಾಂಗವಾಗಿ ನೆರವೇರಿತೆಂದು ಬರೆಯುವುದು ರೂಢಿ. ಆದರೆ ಆ ಸಭೆಯಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಮರುವಾರ ತಮ್ಮ ಹೊಲದಲ್ಲಿ ಹಿಂದೆಂದೂ ಮಾಡದ ಒಂದು ಕೆಲಸವನ್ನು ಮಾಡಿದರು ಎಂಬುದಕ್ಕೆ ವರದಿಯಲ್ಲಿ ಅಂಕಣವಿರುವುದು ಅಪರೂಪ. ಉಪನ್ಯಾಸದ ಸಿದ್ಧತೆಯನ್ನು ಆ ಇಲ್ಲದ ಅಂಕಣದಿಂದಲೇ ಆರಂಭಿಸತಕ್ಕದ್ದು.

ಇದಕ್ಕೆ ಬಲವಾದ ಕಾರಣವಿದೆ. ಪಟ್ಟಣದ ಸಭಾಗೃಹದಲ್ಲಿ ಉಪನ್ಯಾಸವು ಕೆಟ್ಟರೆ ಕೇಳಿದವನಿಗೆ ಬಹಳವಾದರೆ ಒಂದು ಗಂಟೆಯ ಹೊತ್ತು ಹಾಳಾಗುತ್ತದೆ. ಒಕ್ಕಲಿಗರ ಸಭೆಯ ಸಂಗತಿಯು ಹಾಗಲ್ಲ. ಇಲ್ಲಿ ಹೇಳಿದ ಮಾತು ತಪ್ಪಿದರೆ, ಅಥವಾ ಸರಿಯಾಗಿಯೇ ಹೇಳಿದ ಮಾತು ತಪ್ಪಾಗಿ ಕೇಳಿಸಿದರೆ, ಹೇಳಿದವನಿಗೆ ಯಾವ ಊನವೂ ಇಲ್ಲ; ಕೇಳಿದವನು ಮಾತ್ರ ಒಂದು ವರ್ಷದ ಪೈರಿನಿಂದ ಅದರ ದಂಡವನ್ನು ತೆರಬೇಕಾಗುತ್ತದೆ. ಹಳ್ಳಿಯ ಜನರು ಹೊಸದನ್ನು ಬೇಗನೆ ಒಪ್ಪುವುದಿಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ನಷ್ಟವೆಲ್ಲವೂ ತನ್ನ ಪಾಲಿಗೆ ಬರುವುದೆಂದು ಬಲ್ಲವನು ಬೇಗನೆ ಒಪ್ಪದಿರುವುದು ವಿವೇಕವೇ ಹೊರತು ಮೊಂಡತನವಲ್ಲ.

ಅಮೇರಿಕೆಯ ಟೆಕ್ಸಾಸ್ ಪ್ರಾಂತದ ಟೆರೆಲ್ ಎಂಬ ಊರಿನಲ್ಲಿ 1903ರಲ್ಲಿ ಸೀಮನ್ ನ್ಯಾಪ್ ಎಂಬ ಒಕ್ಕಲುತನದ ಪಂಡಿತನು ಈ ಸಂಗತಿಯನ್ನು ಚೆನ್ನಾಗಿ ಮನಗಂಡಿದ್ದನು. ಸರಕಾರಿ ಕ್ಷೇತ್ರದಲ್ಲಿ ಬೆಳೆದು ತೋರಿಸಿದರೆ ಜನರು ನಂಬಲಾರರೆಂದು ತಿಳಿದು, ಅವನು ಪೋರ್ಟರ್ ಎಂಬ ರೈತನ ಸ್ವಂತ ಹೊಲದಲ್ಲಿ, ಆ ರೈತನ ಕೈಯಿಂದಲೇ ಹೊಸ ಪದ್ಧತಿಯನ್ನು ನಡೆಯಿಸಿದನು. ನಷ್ಟವಾದರೆ ತುಂಬಿಕೊಡುವುದಕ್ಕಾಗಿ ಊರಿನ ವರ್ತಕರು ಹಣವನ್ನು ಕೂಡಿಸಿ ಇಟ್ಟಿದ್ದರು. ಆ ಹಣವನ್ನು ಮುಟ್ಟುವ ಪ್ರಸಂಗ ಬರಲಿಲ್ಲ. ನಮ್ಮ ಹಳ್ಳಿಗಳ ಸಭೆಗಳಲ್ಲಿ ಹಾಗೆ ಹಣವಿಟ್ಟು ಮಾತನಾಡುವವರಿಲ್ಲ. ಆದುದರಿಂದ ಹೇಳುವ ಸಲಹೆಯೇ ನಷ್ಟವನ್ನು ತಾಳುವಷ್ಟು ಸಣ್ಣದಾಗಿರಬೇಕು. ಹತ್ತು ಎಕರೆಯಲ್ಲಿ ಮಾಡಿರೆಂದು ಹೇಳುವ ಬದಲು ಒಂದು ಗುಂಟೆಯಲ್ಲಿ ಮಾಡಿ ನೋಡಿರೆಂದು ಹೇಳುವವನ ಮಾತಿಗೆ ಕಿವಿಗೊಡುವವರು ಹೆಚ್ಚು.

ಜೋಳದ ಕಾಡಿಗೆಯ ದೃಷ್ಟಾಂತ

ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಒಕ್ಕಲುತನದ ಖಾತೆಯು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೈಕೊಂಡ ಕೆಲಸಗಳಲ್ಲಿ ಜೋಳದ ಕಾಡಿಗೆ ರೋಗದ ನಿವಾರಣೆಯು ಗಮನಿಸತಕ್ಕದ್ದು. ಈ ರೋಗದಲ್ಲಿ ತೆನೆಯ ಕಾಳುಗಳು ಕಪ್ಪು ಪುಡಿಯ ಚೀಲಗಳಾಗಿ ಮಾರ್ಪಡುತ್ತವೆ. ರಾಶಿ ಮಾಡುವಾಗ ಆ ಚೀಲಗಳು ಒಡೆದು ಪುಡಿಯು ಒಳ್ಳೆಯ ಕಾಳಿಗೆ ಮೆತ್ತುತ್ತದೆ. ಆ ಕಾಳನ್ನು ಬಿತ್ತಿದರೆ ರೋಗವು ಮೊಳಕೆಯೊಳಗೆ ಹೊಕ್ಕು, ತೆನೆ ಹೊರಡುವ ತನಕ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಮುಂಬಯಿ ಇಲಾಖೆಯ ಜೋಳದ ಕಾಡಿಗೆ ರೋಗಗಳನ್ನು ಕುರಿತು ಜಿ. ಎಸ್. ಕುಲಕರ್ಣಿಯವರು ಬರೆದ ಪ್ರಬಂಧವು 1918ರಲ್ಲಿ ಪೂಸಾ ಸಂಶೋಧನಾಲಯದಿಂದ ಪ್ರಕಟವಾಯಿತು. ಬೀಜವನ್ನು ಮೊದಲು ಮೈಲುತುತ್ತದ ನೀರಿನಲ್ಲಿ ಅದ್ದುವ, ಮುಂದೆ ಗಂಧಕದ ಪುಡಿಯಲ್ಲಿ ಕಲಸುವ ಉಪಾಯವನ್ನು ಖಾತೆಯವರು ಊರೂರಿಗೆ ಸಾರಿದರು.

ಈ ಉಪಾಯವು ಹಳ್ಳಿಗಳಲ್ಲಿ ಬೇರೂರಿದ್ದಕ್ಕೆ ಉಪನ್ಯಾಸಕರ ವಾಗ್ಮಿತೆಯು ಕಾರಣವಾಗಿರಲಾರದು. ಹೇಳಬೇಕಾದ ಸಂಗತಿಯ ಸ್ವರೂಪವೇ ಅದಕ್ಕೆ ಅನುಕೂಲವಾಗಿತ್ತು. ಒಂದೇ ಕೆಲಸ, ಅದೂ ಬಿತ್ತನೆಯ ಮುನ್ನಾದಿನ, ಮನೆಯ ಗಡಿಗೆಯೊಂದರಲ್ಲಿ ಮಾಡತಕ್ಕದ್ದು. ಖರ್ಚು ಅತ್ಯಲ್ಪ. ಈಗಿನ ಶಿಫಾರಸಿನಂತೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕ ಬೇಕು. ಎಕರೆಗೆ ಮೂರು ಕಿಲೋ ಹಿಂಗಾರಿ ಜೋಳದ ಬೀಜವೆಂದರೆ 12 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ತೊಲೆ. ಒಂದು ಎಕರೆಗೆ ಒಂದು ತೊಲೆ ಎಂಬ ಮಾತನ್ನು ಒಮ್ಮೆ ಕೇಳಿದವನು ಮರೆಯುವುದಿಲ್ಲ. ಪ್ರತಿಶತ, ಪ್ರಮಾಣ, ಸಾಂದ್ರತೆ ಮುಂತಾದ ಶಬ್ದಗಳು ಅಲ್ಲಿ ಬೇಕಾಗಿಯೇ ಇಲ್ಲ. ಉಪನ್ಯಾಸಕನು ಬಿಳಿಯ ಅರಿವೆಯ ಮೇಲೆ ಒಂದು ಹಿಡಿ ಶುಭ್ರವಾದ ಬೀಜವನ್ನು ಸುರಿದು, ಕಾಡಿಗೆ ಹತ್ತಿದ ಒಂದೇ ಒಂದು ತೆನೆಯನ್ನು ಅದರ ಮೇಲೆ ತಿಕ್ಕಿ, ಅರಿವೆಯನ್ನು ಎತ್ತಿ ಕುಲುಕಿ ತೋರಿಸಿದರೆ, ರೋಗವು ಎಲ್ಲಿಂದ ಬರುತ್ತದೆಂಬ ಅರ್ಧ ಗಂಟೆಯ ವಿವರಣೆಯು ಉಳಿಯುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಬೀಜದ ಜೋಳವನ್ನು ಆರಿಸಿ, ಒಣಗಿಸಿ, ಹಗೆಯಲ್ಲಿಯೋ ಗಡಿಗೆಯಲ್ಲಿಯೋ ಕಾಪಾಡುವ ಕೆಲಸದಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಬೀಜೋಪಚಾರದ ಉಪನ್ಯಾಸವನ್ನು ಚಾವಡಿಯಲ್ಲಿ ಗಂಡಸರಿಗೆ ಮಾತ್ರ ಕೊಟ್ಟು ಬರುವುದೆಂದರೆ ಕಾಗದವನ್ನು ಬರೆದು ಬೇರೆ ಮನೆಯ ಬಾಗಿಲಲ್ಲಿ ಹಾಕಿದಂತೆ. ಆ ಕೆಲಸವನ್ನು ಯಾರ ಕೈಯು ಮಾಡುತ್ತದೆಯೋ ಅವರು ಸಭೆಯಲ್ಲಿರಬೇಕು. ಅವರು ಬರಲು ಅನುಕೂಲವಾದ ಹೊತ್ತನ್ನೂ ಸ್ಥಳವನ್ನೂ ಗೊತ್ತುಮಾಡುವುದು ಉಪನ್ಯಾಸಕನ ಹೊಣೆ.

ತಿಮ್ಮಾಪುರದ ಸಭೆಗೆ ಸಿದ್ಧತೆ

ಈಗ ಇನ್ನೂ ಕಠಿಣವಾದ ವಿಷಯವೊಂದನ್ನು ತೆಗೆದುಕೊಂಡು ಸಿದ್ಧತೆಯ ಕ್ರಮವನ್ನು ವಿಚಾರಿಸೋಣ. ಮುಧೋಳ ತಾಲೂಕಿನ ತಿಮ್ಮಾಪುರವು ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಗ್ರಾಮ. ಕವಿಚಕ್ರವರ್ತಿಯ ಸ್ಮರಣಾರ್ಥವಾಗಿ ಕಾರ್ಖಾನೆಯ ಸ್ಥಳಕ್ಕೆ ರನ್ನನಗರವೆಂದು ಹೆಸರಿಟ್ಟಿದ್ದಾರೆ. ಇದು ಘಟಪ್ರಭೆಯ ಸೀಮೆ. ಎರೆ ಭೂಮಿ, ಕಾಲುವೆಯ ನೀರು, ಕೊಳವೆ ಬಾವಿ, ಕಬ್ಬು, ಮಹಾಲಿಂಗಪುರದ ಬೆಲ್ಲದ ಪೇಟೆ, ಇವು ಈ ಭಾಗದ ಒಕ್ಕಲುತನದ ಮುಖ್ಯ ಸಂಗತಿಗಳು. ನೀರಿನಿಂದ ಬಂದ ಭಾಗ್ಯದ ಬೆನ್ನಿಗೆ ನೀರಿನಿಂದಲೇ ಬಂದ ಪೀಡೆಯೂ ಈ ಸೀಮೆಯಲ್ಲಿದೆ, ಅದೇ ಸವಳು-ಜವಳು. ಬಸಿದುಹೋಗಲು ದಾರಿಯಿಲ್ಲದ ಎರೆ ಭೂಮಿಗೆ ವರ್ಷಾನುವರ್ಷ ಹೆಚ್ಚು ನೀರು ಹಾಯಿಸಿದಾಗ ನೆಲದೊಳಗಿನ ನೀರಿನ ಮಟ್ಟವು ಮೇಲಕ್ಕೆ ಬಂದು, ಬಿಸಿಲಿಗೆ ಆರಿ, ತನ್ನಲ್ಲಿದ್ದ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಕಬ್ಬು ಈ ಉಪ್ಪನ್ನು ಹೆಚ್ಚಾಗಿ ತಾಳುವ ಪೈರಲ್ಲ.

ತಿಮ್ಮಾಪುರದಲ್ಲಿ ‘ಸವಳು-ಜವಳು ಭೂಮಿಯ ಸುಧಾರಣೆ’ ಎಂಬ ವಿಷಯವನ್ನು ಕುರಿತು ಉಪನ್ಯಾಸ ಗೊತ್ತಾಗಿದೆಯೆಂದು ತಿಳಿಯೋಣ. ಸಾಮಾನ್ಯ ಉಪನ್ಯಾಸಕನು ಪುಸ್ತಕವನ್ನು ತೆರೆಯುತ್ತಾನೆ. ಸವಳಿಗೆ ಕಾರಣಗಳು, ಅದರ ಬಗೆಗಳು, ಬಸಿಗಾಲುವೆಗಳು, ಜಿಪ್ಸಂ, ಹಸಿರೆಲೆ ಗೊಬ್ಬರ, ಸವಳನ್ನು ತಾಳುವ ಪೈರುಗಳು, ಹನಿ ನೀರಾವರಿ, ಸರಕಾರದ ಸಹಾಯಧನ, ಹೀಗೆ ಎಂಟು ಪ್ರಕರಣಗಳನ್ನು ಒಂದು ಗಂಟೆಯಲ್ಲಿ ಮುಗಿಸುವ ಸಂಕಲ್ಪ ಮಾಡುತ್ತಾನೆ. ಎಲ್ಲವೂ ಸತ್ಯವೇ, ಎಲ್ಲವೂ ಉಪಯುಕ್ತವೇ. ಆದರೆ ಎಂಟು ಸಂಗತಿಗಳನ್ನು ಕೇಳಿದವನು ಮನೆಗೆ ಒಯ್ಯುವುದು ಒಂದನ್ನೇ, ಮತ್ತು ಆ ಒಂದು ಯಾವುದೆಂಬುದು ಉಪನ್ಯಾಸಕನ ಕೈಯಲ್ಲಿ ಉಳಿಯುವುದಿಲ್ಲ. ಬಹುಮಟ್ಟಿಗೆ ಅದು ‘ಸಾಹೇಬರು ಜಿಪ್ಸಂ ಹಾಕಲು ಹೇಳಿದರು’ ಎಂಬುದಾಗಿರುತ್ತದೆ. ಆ ರೈತನು ಸಾಲ ಮಾಡಿ ಜಿಪ್ಸಂ ತಂದು ಹರವುತ್ತಾನೆ. ಅವನ ಹೊಲದ ಸವಳು ಜಿಪ್ಸಂ ಬೇಡುವ ಬಗೆಯದಾಗಿರದಿದ್ದರೆ, ಅಥವಾ ಬಸಿಗಾಲುವೆಯೇ ಇಲ್ಲದಿದ್ದರೆ, ಹಣವು ಮಣ್ಣುಪಾಲಾಗುತ್ತದೆ. ಮುಂದಿನ ವರ್ಷ ಸಭೆ ಕೂಡಿಸಲು ಹೋದವನಿಗೆ, “ಜಿಪ್ಸಂ ಹಾಕಿ ವರುಷಾತ್ರಿ, ಹೊಲಾ ಏನೂ ಸುಧಾರಿಸಿಲ್ಲ” ಎಂಬ ಉತ್ತರವು ಸಿದ್ಧವಾಗಿರುತ್ತದೆ.

ಆದಕಾರಣ ಜಾಣನಾದವನು ಎಂಟರಲ್ಲಿ ಏಳನ್ನು ಬಿಟ್ಟುಕೊಡತಕ್ಕದ್ದು. ಯಾವುದನ್ನು ಉಳಿಸಿಕೊಳ್ಳಬೇಕೆಂಬುದಕ್ಕೆ ಒಂದೇ ಪರೀಕ್ಷೆ: ಕೇಳಿದವನು ಈ ವಾರದಲ್ಲಿ, ಸಾಲವಿಲ್ಲದೆ, ತನ್ನ ಕೈಯಿಂದ ಮಾಡಬಹುದಾದ ಮೊದಲನೆಯ ಕೆಲಸ ಯಾವುದು? ಸವಳಿನ ವಿಷಯದಲ್ಲಿ ಆ ಕೆಲಸವು ತನ್ನ ಹೊಲದ ಸವಳು ಯಾವ ಬಗೆಯದೆಂಬುದನ್ನು ಗೊತ್ತುಮಾಡಿಕೊಳ್ಳುವುದು. ಉಪನ್ಯಾಸದ ಪ್ರತಿಜ್ಞೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಬೇಕು: ‘ಮಣ್ಣನ್ನು ಪರೀಕ್ಷಿಸದೆ ಜಿಪ್ಸಂ ಕೊಳ್ಳಬೇಡಿರಿ.’ ಈ ವಾಕ್ಯಕ್ಕೆ ಆಧಾರವಾಗದ ಸಂಗತಿಯು ಎಷ್ಟೇ ಸ್ವಾರಸ್ಯವಾಗಿದ್ದರೂ ಅದನ್ನು ಇನ್ನೊಂದು ದಿನಕ್ಕೆ ಇಡತಕ್ಕದ್ದು. ವಿದ್ಯಾವಂತರಿಗೆ ಇದು ಬಹಳ ಕಷ್ಟವಾದ ತ್ಯಾಗ. ತಾನು ಕಲಿತದ್ದೆಲ್ಲವನ್ನೂ ಹೇಳದಿದ್ದರೆ ತನಗೆ ತಿಳಿಯದೆಂದು ಜನರು ಭಾವಿಸಿಯಾರೆಂಬ ಅಳುಕು ಒಳಗೆ ಇರುತ್ತದೆ.

ಬಗೆಗಳನ್ನು ಹೇಳುವುದು ಹೇಗೆ? ಪುಸ್ತಕದ ಭಾಷೆಯಲ್ಲಿ ಮೊದಲನೆಯದು ಲವಣಯುಕ್ತ ಭೂಮಿ. ಅದರ ವಿದ್ಯುದ್ವಾಹಕತೆಯು 4ಕ್ಕಿಂತ ಹೆಚ್ಚು, ರಸಸಾರವು 8.5ಕ್ಕಿಂತ ಕಡಿಮೆ. ಎರಡನೆಯದು ಕ್ಷಾರಭೂಮಿ, ಅದರ ರಸಸಾರವು 8.5ಕ್ಕಿಂತ ಹೆಚ್ಚು, ವಿನಿಮಯಕ್ಕೆ ಒದಗುವ ಸೋಡಿಯಂ ಶೇಕಡಾ 15ಕ್ಕಿಂತ ಹೆಚ್ಚು. ಈ ಅಂಕಿಗಳು ಪ್ರಯೋಗಶಾಲೆಯ ಚೀಟಿಗೆ ಅವಶ್ಯಕ, ಸಭೆಗೆ ಅನಾವಶ್ಯಕ. ಸಭೆಯಲ್ಲಿ ಹೇಳತಕ್ಕದ್ದು ಕಣ್ಣಿಗೆ ಕಾಣುವ ಲಕ್ಷಣಗಳನ್ನು. ಒಂದರಲ್ಲಿ ಬೋದುಗಳ ನೆತ್ತಿಯ ಮೇಲೆ ಬಿಳಿಯ ಉಪ್ಪು ಹೂತಂತೆ ಕಾಣುತ್ತದೆ. ಇದಕ್ಕೆ ಸಿಹಿನೀರು ನಿಲ್ಲಿಸಿ ತೊಳೆದು ಬಸಿದುಬಿಡುವುದೇ ಮದ್ದು, ಜಿಪ್ಸಂ ಬೇಡ. ಇನ್ನೊಂದರಲ್ಲಿ ಹಾಯಿಸಿದ ನೀರು ಇಂಗದೆ ಕದಡಿಕೊಂಡು ನಿಲ್ಲುತ್ತದೆ, ಆರಿದ ಮೇಲೆ ನೆಲವು ಕಲ್ಲಿನಂತಾಗುತ್ತದೆ. ಇಲ್ಲಿ ಜಿಪ್ಸಂ ಬೇಕು, ಅದರ ಜೊತೆಗೆ ಬಸಿಗಾಲುವೆಯೂ ಬೇಕು. ಎರಡೂ ಬೆರೆತ ಹೊಲಗಳೂ ಇರುತ್ತವೆ. ಅಂಥಲ್ಲಿ ಚೀಟಿಯಿಲ್ಲದೆ ಕೈ ಹಾಕಬಾರದು.

ಎರಡು ಗಾಜಿನ ಲೋಟಗಳು

ಇಷ್ಟನ್ನೂ ಬಾಯಿಂದ ಹೇಳಿದರೆ ಅರ್ಧಮರ್ಧ ನಿಲ್ಲುತ್ತದೆ. ಎರಡು ಗಾಜಿನ ಲೋಟಗಳಿದ್ದರೆ ಇದನ್ನು ತೋರಿಸಬಹುದು. ಕ್ಷಾರದ ಸವಳಿರುವ ಹೊಲದ ಒಣಮಣ್ಣನ್ನು ಹುಡಿ ಮಾಡಿ, ಎರಡೂ ಲೋಟಗಳಲ್ಲಿ ಎರಡೆರಡು ಚಮಚ ಹಾಕಿ, ಮಳೆಯ ನೀರನ್ನು ತುಂಬಬೇಕು. ಒಂದರಲ್ಲಿ ಒಂದು ಚಿಟಿಕೆ ಜಿಪ್ಸಂ ಪುಡಿಯನ್ನು ಬೆರೆಸಿ, ಎರಡನ್ನೂ ಚೆನ್ನಾಗಿ ಕಲಕಿ, ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಇಟ್ಟು ಬಿಡಬೇಕು. ಜಿಪ್ಸಂ ಇಲ್ಲದ ಲೋಟದ ನೀರು ಬಗ್ಗಡವಾಗಿಯೇ ಉಳಿಯುತ್ತದೆ. ಜಿಪ್ಸಂ ಇರುವ ಲೋಟದಲ್ಲಿ ಮಣ್ಣು ಗರಣೆಗಟ್ಟಿ ಕೆಳಗೆ ಕೂತು, ಮೇಲಿನ ನೀರು ಕ್ರಮೇಣ ತಿಳಿಯಾಗುತ್ತದೆ. ಸೋಡಿಯಂ ಅಂಟಿಕೊಂಡ ಮಣ್ಣಿನ ಕಣಗಳು ಒಂದನ್ನೊಂದು ಬಿಟ್ಟು ತೇಲುತ್ತವೆ, ಜಿಪ್ಸಮ್ಮಿನಲ್ಲಿರುವ ಸುಣ್ಣದ ಅಂಶವು ಅವನ್ನು ಹಿಡಿದು ಕೂಡಿಸುತ್ತದೆ ಎಂಬ ಎರಡೇ ಮಾತುಗಳನ್ನು ಆಗ ಹೇಳಿದರೆ ಸಾಕು. ತೇಲುವ ಕಣಗಳೇ ಹೊಲದ ರಂಧ್ರಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುತ್ತವೆಂಬುದನ್ನು ಕೇಳುವವರೇ ಊಹಿಸಿಕೊಳ್ಳುತ್ತಾರೆ.

ಈ ಸಣ್ಣ ಪ್ರಯೋಗದಲ್ಲಿ ಮುಗ್ಗರಿಸುವುದಕ್ಕೆ ಎಷ್ಟು ಅವಕಾಶಗಳಿವೆಯೆಂಬುದನ್ನು ನೋಡಿದರೆ ಸಿದ್ಧತೆ ಎಂಬುದರ ಅರ್ಥವು ಸ್ಪಷ್ಟವಾಗುತ್ತದೆ. ಮಳೆಯ ನೀರನ್ನು ತರಲು ಮರೆತು ಊರಿನ ಕೊಳವೆ ಬಾವಿಯ ನೀರನ್ನೇ ಲೋಟಕ್ಕೆ ಸುರಿದರೆ, ಆ ನೀರಿನಲ್ಲಿರುವ ಉಪ್ಪೇ ಮಣ್ಣನ್ನು ಕೂಡಿಸಿಬಿಡಬಹುದು. ಎರಡೂ ಲೋಟಗಳು ತಿಳಿಯಾಗಿ ಕುಳಿತರೆ ಸಭೆಯ ಮುಂದೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮಳೆಯ ನೀರು ಸಿಕ್ಕದ ಕಾಲದಲ್ಲಿ ಔಷಧದ ಅಂಗಡಿಯ ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಒಯ್ಯಬೇಕು. ಮಣ್ಣನ್ನು ಬೇರೆ ಊರಿನಿಂದ ತಂದರೆ, ಅದು ಅವರ ಊರಿನ ಸವಳು, ನಮ್ಮದಲ್ಲ ಎಂಬ ಮಾತು ಬರುತ್ತದೆ. ಆದುದರಿಂದ ಎಂಟು ದಿನ ಮೊದಲೇ ಊರಿಗೆ ಹೋಗಿ, ಇಂಥವರ ಹೊಲದ್ದೆಂದು ಎಲ್ಲರೂ ಗುರುತಿಸುವ ಮಣ್ಣನ್ನು ಆ ಹೊಲದವರ ಒಪ್ಪಿಗೆಯಿಂದಲೇ ತಂದು, ಮನೆಯಲ್ಲಿ ಒಮ್ಮೆ ಪ್ರಯೋಗವನ್ನು ಮಾಡಿ ನೋಡಿರಬೇಕು. ಎಷ್ಟು ಹೊತ್ತಿಗೆ ವ್ಯತ್ಯಾಸವು ಕಾಣುತ್ತದೆಂಬುದನ್ನು ಗಡಿಯಾರವಿಟ್ಟು ಬರೆದುಕೊಳ್ಳಬೇಕು. ಅದು ಒಂದು ಗಂಟೆ ಹಿಡಿಯುವುದಾದರೆ, ಲೋಟಗಳನ್ನು ಕಲಕುವ ಕೆಲಸವು ಸ್ವಾಗತಕ್ಕಿಂತ ಮೊದಲೇ ಆಗಬೇಕು. ಅಧ್ಯಕ್ಷರ ಪ್ರಾಸ್ತಾವಿಕ ಭಾಷಣವು ಉದ್ದವಾದರೆ ಆಗ ಬೇಸರಪಡುವ ಕಾರಣವೂ ಇರುವುದಿಲ್ಲ. ಮಣ್ಣು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಬಾಯಿ ಬಿಟ್ಟು ಹೇಳಲೇಬೇಕು. ಲವಣದ ಸವಳಿರುವ ಮಣ್ಣೂ ನೀರಿನಲ್ಲಿ ಬೇಗನೆ ಕೂತು ತಿಳಿಯಾಗುತ್ತದೆ. ಆದುದರಿಂದ ಮನೆಗೆ ಹೋಗಿ ಇದೇ ಪರೀಕ್ಷೆಯನ್ನು ಮಾಡಿದವನು ತಿಳಿನೀರನ್ನು ಕಂಡು ತನ್ನ ಹೊಲವು ನಿರ್ದೋಷವಾದುದೆಂದು ತಿಳಿಯಬಾರದು. ಬಗ್ಗಡವು ಕ್ಷಾರದ ಗುರುತು ಹೌದು. ತಿಳಿನೀರು ಒಳ್ಳೆಯ ನೆಲದ ಗುರುತಲ್ಲ. ಲೋಟದ ಪ್ರಯೋಗವು ಮಣ್ಣಿನ ಪರೀಕ್ಷೆಗೆ ಕಳುಹಿಸುವಂತೆ ಪ್ರೇರಿಸುವುದಕ್ಕಾಗಿ ಇದೆಯೇ ಹೊರತು ಪರೀಕ್ಷೆಯ ಬದಲಿಗಲ್ಲ. ತೋರಿಸಿದ್ದರ ಮಿತಿಯನ್ನು ತಾನೇ ಹೇಳುವ ಉಪನ್ಯಾಸಕನನ್ನು ಜನರು ಹೆಚ್ಚು ನಂಬುತ್ತಾರೆ.

ಅಂಕಿಗಳ ವಿಷಯದಲ್ಲಿಯೂ ಇದೇ ಬಗೆಯ ದುಡಿಮೆ ಅವಶ್ಯಕ. ಶಾಸ್ತ್ರಜ್ಞರ ಲೆಕ್ಕವೆಲ್ಲವೂ ಹೆಕ್ಟೇರಿನಲ್ಲಿ. ರೈತನ ಲೆಕ್ಕವು ಎಕರೆ-ಗುಂಟೆಗಳಲ್ಲಿ. ಚೀಟಿಯಲ್ಲಿ ಹೆಕ್ಟೇರಿಗೆ 5 ಟನ್ ಜಿಪ್ಸಂ ಎಂದು ಬಂದಿದೆಯೆಂದಿಟ್ಟುಕೊಳ್ಳೋಣ. ಒಂದು ಹೆಕ್ಟೇರು ಸುಮಾರು 99 ಗುಂಟೆ. ಭಾಗಿಸಿದರೆ ಗುಂಟೆಗೆ 50 ಕಿಲೋದಷ್ಟಾಗುತ್ತದೆ, ಅಂದರೆ ಗುಂಟೆಗೆ ಒಂದು ಚೀಲ. ಈ ಭಾಗಾಕಾರವನ್ನು ಉಪನ್ಯಾಸಕನು ಮನೆಯಲ್ಲಿ ಮಾಡಿಕೊಂಡು ಬಾರದಿದ್ದರೆ ಸಭೆಯಲ್ಲಿರುವ ಅರವತ್ತು ಜನರು ಅರವತ್ತು ಬಗೆಯಾಗಿ ಮಾಡುತ್ತಾರೆ. ಮತ್ತು ‘ಚೀಟಿಯಲ್ಲಿ ಐದು ಎಂದಿದ್ದರೆ’ ಎಂಬ ಮಾತನ್ನು ಬಿಡದೆ ಎರಡು ಸಲ ಹೇಳಬೇಕು. ಇಲ್ಲವಾದರೆ ಗುಂಟೆಗೊಂದು ಚೀಲವೆಂಬುದೇ ಊರಿನ ಎಲ್ಲ ಹೊಲಗಳಿಗೂ ಕಾಯಿದೆಯಾಗಿ ಬಿಡುವುದು.

ಹೊತ್ತು, ಸ್ಥಳ

ಹೊತ್ತಿನ ಆಯ್ಕೆಯಲ್ಲಿ ಎರಡು ಬಗೆಯ ಲೆಕ್ಕವಿದೆ. ಒಂದು ಋತುವಿನ ಲೆಕ್ಕ. ಹಿಂಗಾರಿ ಜೋಳದ ಬೀಜೋಪಚಾರದ ಮಾತನ್ನು ಉತ್ತರಿ ಮಳೆ ಕೂಡುವುದಕ್ಕೆ ಹದಿನೈದು ದಿನ ಮೊದಲು ಆಡಬೇಕು. ಬಿತ್ತಿದ ಮೇಲೆ ಆಡಿದರೆ ಪಶ್ಚಾತ್ತಾಪವನ್ನು ಹಂಚಿದಂತೆ. ರವದಿ ಸುಡಬಾರದೆಂಬ ಮಾತನ್ನು ಕಬ್ಬು ಕಡಿಯುವ ಗ್ಯಾಂಗು ಊರಿಗೆ ಬರುವ ಮುನ್ನ ಹೇಳಬೇಕು. ಸವಳಿನ ಮಾತಿಗೆ ಬೇಸಗೆಯು ಪ್ರಶಸ್ತ. ಬೋದಿನ ಮೇಲಿನ ಉಪ್ಪು ಆಗ ಎದ್ದು ಕಾಣುತ್ತದೆ, ಮಣ್ಣು ತೆಗೆಯಲು ಹೊಲವೂ ಬಿಡುವಾಗಿರುವ ಸಂಭವವುಂಟು.

ಇನ್ನೊಂದು ದಿನದ ಲೆಕ್ಕ. ಸಂಜೆ ದನಗಳನ್ನು ಕಟ್ಟಿ, ಹಾಲು ಹಿಂಡಿದ ಮೇಲೆ ಜನರು ಸೇರುತ್ತಾರೆಂಬುದು ಹಳೆಯ ರೂಢಿ. ಈಗ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಯಾವ ಹೊತ್ತಿಗೆ ಬರುತ್ತದೆಂಬುದನ್ನೂ ವಿಚಾರಿಸದೆ ಸಭೆಯನ್ನು ಗೊತ್ತುಮಾಡಬಾರದು. ಕರೆಂಟು ಬಂದಿತೆಂದರೆ ಸಭೆಯ ಅರ್ಧ ಜನರು ಎದ್ದು ಹೊಲಕ್ಕೆ ಹೋಗುತ್ತಾರೆ; ಅದು ಉಪನ್ಯಾಸಕನಿಗೆ ಮಾಡಿದ ಅಗೌರವವಲ್ಲ. ಸಂತೆಯ ದಿನ, ಜಾತ್ರೆಯ ದಿನ, ಊರಿನಲ್ಲಿ ಸಾವು-ನೋವು ಆದ ದಿನ ಸಭೆಯನ್ನು ಮುಂದಕ್ಕೆ ಹಾಕುವುದೇ ಲೇಸು.

ಸ್ಥಳವು ಗುಡಿಯ ಕಟ್ಟೆಯಾಗಲಿ, ಶಾಲೆಯಾಗಲಿ, ಸಂಘದ ಕಚೇರಿಯಾಗಲಿ, ಊರಿನ ಎಲ್ಲ ಓಣಿಗಳ ಜನರೂ ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳುವಂಥದಾಗಿರಬೇಕು. ಒಬ್ಬ ಗೌಡರ ಪಡಸಾಲೆಯಲ್ಲಿ ಕೂಡಿದ ಸಭೆಗೆ ಎದುರು ಪಕ್ಷದವರು ಬರುವುದಿಲ್ಲ. ಸವಳು ಮಾತ್ರ ಪಕ್ಷವನ್ನು ನೋಡುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಸ್ಥಳವೆಂದರೆ ಹೊಲದ ಬದುವೇ. 1928ರಲ್ಲಿ ತನ್ನ ವರದಿಯನ್ನೊಪ್ಪಿಸಿದ ಭಾರತದ ಒಕ್ಕಲುತನದ ರಾಯಲ್ ಕಮಿಶನ್ನಿನವರೂ ಕಣ್ಣಿಗೆ ತೋರಿಸುವ ಪ್ರಾತ್ಯಕ್ಷಿಕೆಗೆ, ಅದರಲ್ಲಿಯೂ ರೈತನ ಸ್ವಂತ ಹೊಲದಲ್ಲಿ ನಡೆಯುವುದಕ್ಕೆ ಹೆಚ್ಚಿನ ಬೆಲೆಯನ್ನು ಕೊಟ್ಟಿದ್ದಾರೆ. ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದ ಡಾ. ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು; ಮೈಲುತುತ್ತ-ಸುಣ್ಣಗಳ ಆ ದ್ರಾವಣವು ಇಂದಿಗೂ ಮಳೆಗಾಲದಲ್ಲಿ ತೋಟ ತೋಟಗಳಲ್ಲಿ ಸಿಂಪಡಿಸಲ್ಪಡುತ್ತಿದೆ.

ಮಾತಿನ ರೀತಿ

ಜನರಿಗೆ ತಾಳ್ಮೆಯಿಲ್ಲವೆಂಬ ದೂರನ್ನು ಈ ಸೀಮೆಯಲ್ಲಿ ಯಾರೂ ಹೇಳಲಾಗದು. ಶ್ರೀಕೃಷ್ಣಪಾರಿಜಾತದ ಆಟವಿದ್ದರೆ ಇದೇ ಜನರು ಇಡೀ ರಾತ್ರಿ ಕದಲದೆ ಕುಳಿತಿರುತ್ತಾರೆ. ಆ ಆಟದಲ್ಲಿ ಭಾಗವತನು ಬಂದ ಪಾತ್ರವನ್ನು ಪ್ರಶ್ನಿಸುತ್ತಾನೆ. ನೋಡುವವರ ಮನಸ್ಸಿನಲ್ಲಿರುವುದನ್ನೇ ಕೇಳುತ್ತಾನೆ. ಉತ್ತರವು ಸರಿಯಾಗಿ ಬಾರದಿದ್ದರೆ ಮತ್ತೆ ಕೆದಕುತ್ತಾನೆ. ಒಕ್ಕಲಿಗರ ಸಭೆಗೂ ಅಂಥ ಭಾಗವತನೊಬ್ಬನು ಬೇಕು. ಊರಿನಲ್ಲಿ ನೇರವಾಗಿ ಮಾತನಾಡುವ ಹಿರಿಯರೊಬ್ಬರನ್ನು ಮೊದಲೇ ಕಂಡು, “ಯಜಮಾನರ, ನಾ ಹೇಳೂದು ಎಲ್ಲಿ ತಿಳೀವಲ್ದೋ ಅಲ್ಲೇ ತಡೀರಿ” ಎಂದು ಕೇಳಿಕೊಂಡರೆ, ಅವರು ತಡೆಯದೆ ಬಿಡುವುದಿಲ್ಲ. ಅವರು ತಡೆದ ಕಡೆಯಲ್ಲೆಲ್ಲ ಇನ್ನು ಹತ್ತು ಜನರು ಮನಸ್ಸಿನಲ್ಲಿಯೇ ತಡೆದಿರುತ್ತಾರೆ.

ಪ್ರಾರಂಭದಲ್ಲಿ ಒಕ್ಕಲುತನದ ಮಹಿಮೆ, ದೇಶದ ಬೆನ್ನೆಲುಬು ಮೊದಲಾದ ಮಾತುಗಳು ಬೇಡ. ಕುಳಿತವರಿಗೆ ತಮ್ಮ ಬೆನ್ನಿನ ಸಂಗತಿಯು ಚೆನ್ನಾಗಿ ತಿಳಿದಿದೆ. ಲೋಟಗಳನ್ನು ತೋರಿಸಿ, ಇದು ಇಂಥವರ ಹೊಲದ ಮಣ್ಣು ಎಂದು ಆರಂಭಿಸಿದರೆ ಮೊದಲ ವಾಕ್ಯದಲ್ಲಿಯೇ ಸಭೆಯು ಮುಂದಕ್ಕೆ ಬಾಗುತ್ತದೆ. ಮಾತು ಇಪ್ಪತ್ತು ನಿಮಿಷಗಳನ್ನು ಮೀರಬಾರದು. ಪ್ರಶ್ನೆಗಳಿಗೆ ಅದಕ್ಕಿಂತ ಹೆಚ್ಚು ಹೊತ್ತನ್ನು ಮೀಸಲಿಡಬೇಕು. ಬರೆದು ತಂದ ಕಾಗದವನ್ನು ಓದುವುದಕ್ಕಿಂತ ಅಂಗೈಯಗಲದ ಚೀಟಿಯಲ್ಲಿ ನಾಲ್ಕು ಸಾಲುಗಳನ್ನು ಗುರುತು ಹಾಕಿಕೊಂಡು, ಹಿಂದಿನ ದಿನ ಮನೆಯವರ ಮುಂದೆ ಗಟ್ಟಿಯಾಗಿ ಒಮ್ಮೆ ಹೇಳಿ ನೋಡುವುದು ಉತ್ತಮ. ಮನೆಯವರಿಗೆ ತಿಳಿಯದ ಶಬ್ದವು ಸಭೆಯಲ್ಲಿಯೂ ತಿಳಿಯದು.

ಹಿಂದೆ ಮ್ಯಾಜಿಕ್ ಲ್ಯಾಂಟರ್ನಿನ ಗಾಜಿನ ಚಿತ್ರಗಳು ಮಾಡುತ್ತಿದ್ದ ಕೆಲಸವನ್ನು ಇಂದು ಕಂಪ್ಯೂಟರು-ಪ್ರೊಜೆಕ್ಟರುಗಳು ಮಾಡುತ್ತವೆ. ಸಾಧನವು ಬದಲಾದರೂ ಮೋಹವು ಬದಲಾಗಿಲ್ಲ. ಪರದೆಯ ಮೇಲೆ ಹನ್ನೆರಡು ಸಾಲು ಅಕ್ಷರಗಳನ್ನು ಮೂಡಿಸಿ, ಸಭೆಗೆ ಬೆನ್ನು ತಿರುಗಿಸಿ ಅದನ್ನೇ ಓದುವವರಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತ ಮುದುಕರಿಗೆ ಅಕ್ಷರವೂ ಕಾಣದು, ಒತ್ತಕ್ಷರವಂತೂ ಸುಳಿಯದು. ಪರದೆಗೆ ಚಿತ್ರವು ಯೋಗ್ಯ. ಅದೂ ಇದೇ ಊರಿನ ಹೊಲದ ಚಿತ್ರ, ಒಂದು ಸಲಕ್ಕೆ ಒಂದು. ಹಗಲು ಬೆಳಕಿನಲ್ಲಿ ಪರದೆಯು ವ್ಯರ್ಥ, ಕರೆಂಟು ಹೋದರೆ ಪೂರ್ತಿ ವ್ಯರ್ಥ. ಪ್ರೊಜೆಕ್ಟರು ನಿಂತರೂ ನಡೆಯುವಂತೆ ಉಪನ್ಯಾಸವು ಸಿದ್ಧವಾಗಿರಬೇಕು. ಲೋಟಗಳಿಗೆ ಕರೆಂಟು ಬೇಕಾಗಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಉಪನ್ಯಾಸಕನ ನಿಜವಾದ ಪರೀಕ್ಷೆಯಾಗುತ್ತದೆ. “ನಮ್ಮ ಹೊಲದ ಕೆಳಗ ಇನ್ನೊಬ್ಬರ ಹೊಲ ಐತ್ರಿ. ನಾ ಬಸಿಗಾಲುವೆ ತೆಗದ್ರ ನೀರು ಅವರ ಹೊಲಕ್ಕ ಹೋಗತೈತಿ. ಅವರು ಸುಮ್ನಿರ್ತಾರೇನ್ರಿ?” ಎಂದು ಒಬ್ಬನು ಕೇಳಿದರೆ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಆದರೆ ಸವಳಿನ ಸಮಸ್ಯೆಯ ತಿರುಳು ಅಲ್ಲಿಯೇ ಇದೆ. ಬಸಿಗಾಲುವೆಯು ಒಬ್ಬನ ಕೆಲಸವಲ್ಲ. ಹಳ್ಳದವರೆಗೆ ದಾರಿಯಲ್ಲಿರುವ ಎಲ್ಲರೂ ಕೂಡಬೇಕಾದ ಕೆಲಸ. ಅಂಥ ಪ್ರಶ್ನೆಯನ್ನು ಮುಂದೆ ನೋಡೋಣವೆಂದು ತಳ್ಳಿಹಾಕದೆ, ಸಭೆಗೇ ತಿರುಗಿಸಿ ಕೇಳಿ, ಆ ಸಾಲಿನ ಹೊಲದವರು ಯಾರು ಯಾರು ಇಲ್ಲಿದ್ದಾರೆಂದು ಗುರುತಿಸಿಕೊಳ್ಳತಕ್ಕದ್ದು. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆಂದು ಹೇಳಿ, ಇಂಥ ದಿನ ಉತ್ತರವನ್ನು ತರುತ್ತೇನೆಂದು ಬರೆದುಕೊಂಡು, ಆ ದಿನ ತಪ್ಪದೆ ತರಬೇಕು. ಗದ್ದಲ ಮಾಡುವವನೊಬ್ಬನು ಎಲ್ಲ ಸಭೆಗಳಲ್ಲಿಯೂ ಇರುತ್ತಾನೆ. ಅವನ ಬಾಯಿ ಮುಚ್ಚಿಸಲು ಯತ್ನಿಸಬಾರದು. ಅನೇಕ ವೇಳೆ ಹಿಂದೊಮ್ಮೆ ಯಾರದೋ ಮಾತನ್ನು ಕೇಳಿ ನಷ್ಟಪಟ್ಟವನು ಅವನೇ ಆಗಿರುತ್ತಾನೆ.

ಸಭೆ ಮುಗಿಯುವ ಮುನ್ನ ಪ್ರತಿಯೊಬ್ಬರ ಕೈಗೂ ಒಂದೊಂದು ಅರಿವೆಯ ಚೀಲವನ್ನೂ, ಮಣ್ಣು ತೆಗೆಯುವ ಕ್ರಮವನ್ನು ಬರೆದ ಚೀಟಿಯನ್ನೂ ಕೊಡಬೇಕು. ಒಂದು ಹೊಲದ ಏಳೆಂಟು ಕಡೆಗಳಲ್ಲಿ, ಬದು, ತಿಪ್ಪೆ, ಕಾಲುವೆಯ ಅಂಚುಗಳನ್ನು ಬಿಟ್ಟು, ಗೇಣುದ್ದ ಆಳದ ತಗ್ಗು ತೋಡಿ, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಮಣ್ಣನ್ನು ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಚೆಲ್ಲುತ್ತ ಬಂದು, ಉಳಿದ ಅರ್ಧ ಕಿಲೋ ಮಣ್ಣನ್ನು ನೆರಳಿನಲ್ಲಿ ಆರಿಸಿ ತುಂಬುವುದು. ಇದನ್ನು ಹೇಳಿದರೆ ಸಾಲದು. ಶಾಲೆಯ ಅಂಗಳದಲ್ಲಿಯೇ ಸಲಿಕೆ ಹಿಡಿದು ಒಬ್ಬ ರೈತನ ಕೈಯಿಂದ ಮಾಡಿಸಿ ತೋರಿಸಬೇಕು.

ಲೋಟಗಳನ್ನು ಮರಳಿ ಒಯ್ಯುವ ಅವಸರ ಬೇಡ. ಅವನ್ನು ಕಟ್ಟೆಯ ಮೇಲೆ ರಾತ್ರಿಯೆಲ್ಲ ಬಿಟ್ಟರೆ, ಸಭೆಗೆ ಬಾರದವರೂ ಬೆಳಿಗ್ಗೆ ನೀರಿಗೆ ಹೋಗುವಾಗ ನಿಂತು ನೋಡುತ್ತಾರೆ, ಏನೆಂದು ಕೇಳುತ್ತಾರೆ, ಬಂದವರು ಹೇಳುತ್ತಾರೆ. ಹದಿನೈದನೆಯ ದಿನ ಉಪನ್ಯಾಸಕನು ತಿರುಗಿ ಊರಿಗೆ ಹೋಗಿ, ಎಷ್ಟು ಚೀಲಗಳು ಮಣ್ಣು ತುಂಬಿ ಬಂದಿವೆಯೆಂದು ಎಣಿಸಿ ಬರೆದುಕೊಳ್ಳಬೇಕು. ಚೀಲಗಳ ಜೊತೆಗೆ ಬಸಿಗಾಲುವೆಯ ಸಾಲಿನ ಹೊಲದವರ ಹೆಸರುಗಳನ್ನೂ ಪಟ್ಟಿ ಮಾಡಿಕೊಂಡು, ಆ ದಿನ ಸಭೆಯಲ್ಲಿ ಗದ್ದಲ ಮಾಡಿದವನ ಹೊಲಕ್ಕೆ ಎಲ್ಲರಿಗಿಂತ ಮೊದಲು ಹೋಗತಕ್ಕದ್ದು.